ರಬ್ಬರಿನ ತಾರೀಖನ್ನೂ ಬಿಲ್ಲಿನಲ್ಲಿ ಬರೆಯಿರಿ
ಬಾಗಲಗುಂಟೆ–ಪೀಣ್ಯದ ಡೀಸೆಲ್ ಮೆಕ್ಯಾನಿಕರಿಗೆ ಒಂದು ಬಹಿರಂಗ ಪತ್ರ

ಬಾಗಲಗುಂಟೆ, ದಾಸರಹಳ್ಳಿ, ಎಂಟನೇ ಮೈಲಿ, ಪೀಣ್ಯದ ಡೀಸೆಲ್ ಮೆಕ್ಯಾನಿಕರೇ, ಪಂಪ್ ರೂಮಿನವರೇ, ಟಿಟಿ–ಮಿನಿಬಸ್ಸುಗಳನ್ನು ಕ್ಯಾರವಾನ್ ಮಾಡಿಕೊಡುವ ಶೆಡ್ಡುಗಳ ಗೆಳೆಯರೇ,



ಪಂಪ್ ರೂಮಿನ ಕೆಲಸದಲ್ಲೇ ಕೂದಲು ಬೆಳ್ಳಗಾಗಿ ಈಗ ಮನೆಯಲ್ಲಿ ಕೂತಿರುವವನು ನಾನು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ಡೀಸೆಲ್ ಸೋರುತ್ತಿದೆ ಎಂದು ಹಳೆಯ ಗಾಡಿ ನಿಮ್ಮ ಶೆಡ್ಡಿಗೆ ಬಂದರೆ, ಸೋರುವ ಜಾಗವನ್ನಷ್ಟೇ ಮುಚ್ಚಿ ಕಳಿಸಬೇಡಿ. ಟ್ಯಾಂಕಿನಿಂದ ನಾಜಲ್‌ವರೆಗೆ ಇರುವ ರಬ್ಬರನ್ನೆಲ್ಲ ಒಂದೇ ಸಲ ಬದಲಿಸಿ. ಯಾವ ಜಾತಿಯ ರಬ್ಬರು, ಯಾವ ತಿಂಗಳು ಹಾಕಿದ್ದು ಎಂಬುದನ್ನು ಬಿಲ್ಲಿನಲ್ಲಿ ಬರೆದುಕೊಡಿ. ಆಯಿಲಿಗೆ ತಾರೀಖು ಬರೆಯುತ್ತೀರಿ, ಬ್ಯಾಟರಿಗೆ ಬರೆಯುತ್ತೀರಿ. ಡೀಸೆಲನ್ನು ಹಗಲು ರಾತ್ರಿ ತಡೆದು ನಿಲ್ಲಿಸುವ ಓ-ರಿಂಗಿಗೆ ಮಾತ್ರ ಬರೆಯುವುದಿಲ್ಲ.

ಈಗಲೇ ಯಾಕೆ ಈ ಮಾತು ಎಂದರೆ, ನಿಮ್ಮಲ್ಲಿಗೆ ಬರುವ ಗಾಡಿಗಳ ಸ್ವಭಾವ ಬದಲಾಗಿದೆ. ಮೊದಲೆಲ್ಲ ಕ್ಯಾರವಾನ್ ಎಂದರೆ ಶೂಟಿಂಗಿನಲ್ಲಿ ನಟ ನಟಿಯರು ಬಣ್ಣ ಹಚ್ಚಿಕೊಳ್ಳುವ ಗಾಡಿ. ಕೊರೊನಾ ಕಳೆದ ಮೇಲೆ ಐಟಿ ಕೆಲಸದ ಹುಡುಗರು, ನಿವೃತ್ತ ದಂಪತಿಗಳು ಹಳೆಯ ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಸ್ವರಾಜ್ ಮಜ್ದಾ, 407 ಕೊಂಡು ಹಾಸಿಗೆ, ಒಲೆ, ಫ್ರಿಜ್ಜು, ಶೌಚಾಲಯ ಹಾಕಿಸಿಕೊಂಡು ಸಕಲೇಶಪುರಕ್ಕೋ ಗೋಕರ್ಣಕ್ಕೋ ಹೊರಡುತ್ತಿದ್ದಾರೆ. ಆಸೆ ಒಳ್ಳೆಯದೇ. ಆದರೆ ಆ ಗಾಡಿಗೂ ಲಾರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಲಾರಿ ತನ್ನ ಟ್ಯಾಂಕನ್ನು ಎರಡು ಮೂರು ದಿನಕ್ಕೆ ಖಾಲಿ ಮಾಡುತ್ತದೆ. ಕ್ಯಾರವಾನ್ ಸಂಕ್ರಾಂತಿ ರಜೆಗೆ ತುಂಬಿಸಿದ ಡೀಸೆಲನ್ನು ಹೊಟ್ಟೆಯಲ್ಲಿಟ್ಟುಕೊಂಡು ಯುಗಾದಿಯವರೆಗೆ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ನಿಂತಿರುತ್ತದೆ. ನಿಂತ ಗಾಡಿಯ ರಬ್ಬರು ಓಡುವ ಗಾಡಿಯ ರಬ್ಬರಿಗಿಂತ ಬೇಗ ಸಾಯುತ್ತದೆ. ಮೇಲಾಗಿ, ಇದರೊಳಗೆ ಜನ ಮಲಗುತ್ತಾರೆ.

ಈಗ ಇಂಧನದ ಕಥೆ. ಬಂಕಿನಲ್ಲಿ ಬೋರ್ಡು ಅದೇ, ಹೆಸರು ಅದೇ, ಗನ್ನಿನಿಂದ ಬೀಳುವ ಡೀಸೆಲ್ ಮಾತ್ರ ಅದೇ ಅಲ್ಲ. 2000ದಲ್ಲಿ ದೇಶದ ಡೀಸೆಲಿನಲ್ಲಿ ಗಂಧಕದ ಮಿತಿ 2,500 ಪಿಪಿಎಂ ಇತ್ತು. ಭಾರತ್ ಸ್ಟೇಜ್, ಅಂದರೆ ಬಿಎಸ್ ಮಾನದಂಡ ಬಂದ ಮೇಲೆ ಬಿಎಸ್-2ರಲ್ಲಿ ಅದು 500ಕ್ಕೆ, ಬಿಎಸ್-3ರಲ್ಲಿ 350ಕ್ಕೆ, ಬಿಎಸ್-4ರಲ್ಲಿ 50ಕ್ಕೆ ಇಳಿಯಿತು. 2020ರ ಏಪ್ರಿಲ್ 1ರಂದು ಇಡೀ ದೇಶಕ್ಕೆ ಬಿಎಸ್-6 ಬಂದಾಗ ಹತ್ತೇ ಹತ್ತು. ಬೆಂಗಳೂರಿಗೆ ಬಿಎಸ್-4 ಬಂದದ್ದು 2010ರಲ್ಲಿ, ಇಡೀ ದೇಶಕ್ಕೆ 2017ರಲ್ಲಿ. ಮೊದಲ ಕೆಲವು ವರ್ಷ ತುಮಕೂರು ರಸ್ತೆಯಲ್ಲಿ ಇಲ್ಲಿ ತುಂಬಿಸಿದರೆ ಒಂದು ಡೀಸೆಲ್, ಊರು ದಾಟಿ ದೂರ ಹೋಗಿ ತುಂಬಿಸಿದರೆ ಇನ್ನೊಂದು. ಒಂದೇ ಪಂಪು, ಒಂದೇ ಸೀಲು ಎರಡನ್ನೂ ಕುಡಿಯುತ್ತಿತ್ತು.

ಗಂಧಕ ಹೋದರೆ ರಬ್ಬರಿಗೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಗಂಧಕವೇ ರಬ್ಬರನ್ನು ಕಾಯುವುದಿಲ್ಲ. ಆದರೆ ಗಂಧಕ ತೆಗೆಯಲು ರಿಫೈನರಿಯಲ್ಲಿ ಡೀಸೆಲನ್ನು ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಜೊತೆ ಕಾಯಿಸುತ್ತಾರೆ. ಆಗ ಗಂಧಕದ ಜೊತೆಗೆ ಇನ್ನೆರಡು ವಸ್ತು ಕಡಿಮೆಯಾಗುತ್ತವೆ. ಒಂದು, ಪಂಪಿನ ಪ್ಲಂಜರಿಗೆ ಜಾರುವ ಗುಣ ಕೊಡುತ್ತಿದ್ದ ಅಂಶ. ಇನ್ನೊಂದು, ಅರೋಮ್ಯಾಟಿಕ್ ಅನ್ನುವ ಹೈಡ್ರೋಕಾರ್ಬನ್ನುಗಳು. ಬಹುಚಕ್ರ ಅರೋಮ್ಯಾಟಿಕ್‌ಗಳ ಮಿತಿ ಬಿಎಸ್-4ರಲ್ಲಿ ಶೇಕಡಾ 11 ಇದ್ದದ್ದು ಬಿಎಸ್-6ರಲ್ಲಿ ಶೇಕಡಾ 8. ಮೊದಲನೆಯ ಕೊರತೆಯನ್ನು ಕಂಪನಿಗಳು ಬೇರೆ ರಾಸಾಯನಿಕ ಬೆರೆಸಿ ತುಂಬುತ್ತವೆ. ಉಜ್ಜಾಟದ ಪರೀಕ್ಷೆಯಲ್ಲಿ ಗುಂಡಿನ ಮೇಲೆ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದೆಂಬ ನಿಯಮವೇ ಇದೆ. ಎರಡನೆಯದರ ಕೊರತೆ ತುಂಬಬೇಕೆಂಬ ನಿಯಮ ಯಾವುದೂ ಇಲ್ಲ. ನಮ್ಮ ಸೋರಿಕೆ ಶುರುವಾಗುವುದು ಅಲ್ಲಿಂದ.

ಹಳೆಯ ಪಂಪುಗಳಲ್ಲಿ ಇರುವುದು ನೈಟ್ರೈಲ್ ರಬ್ಬರು. ಅದು ಅರೋಮ್ಯಾಟಿಕ್‌ಗಳನ್ನು ಹೀರಿ, ನೀರಲ್ಲಿ ನೆನೆದ ಕಡಲೆಯಂತೆ ಉಬ್ಬುತ್ತದೆ. ಹಾಗೆ ಉಬ್ಬಿಯೇ ಅದು ತನ್ನ ಗೂಡಿನಲ್ಲಿ ಬಿಗಿಯಾಗಿ ಕೂತು ವರ್ಷಗಟ್ಟಲೆ ಡೀಸೆಲನ್ನು ತಡೆದಿರುತ್ತದೆ. ಅಷ್ಟರಲ್ಲಿ ಬಿಸಿಗೆ ಗಟ್ಟಿಯಾಗಿ ಅದರ ಪುಟಿಯುವ ಗುಣ ಹೋಗಿರುತ್ತದೆ. ಉಬ್ಬು ಅದನ್ನು ಮುಚ್ಚಿಟ್ಟಿರುತ್ತದೆ. ಅರೋಮ್ಯಾಟಿಕ್ ಕಡಿಮೆ ಇರುವ ಹೊಸ ಡೀಸೆಲ್ ಬಂದಾಗ, ಒಳಗೆ ಹೀರಿದ್ದು ಹೊರಗೆ ಬಂದು ರಿಂಗು ಸೊರಗುತ್ತದೆ. ಹೊಸ ರಿಂಗಾದರೆ ಕುಗ್ಗಿದರೂ ಪುಟಿದು ಜಾಗ ತುಂಬುತ್ತದೆ, ಹಳೆಯದಕ್ಕೆ ಆ ಶಕ್ತಿ ಉಳಿದಿರುವುದಿಲ್ಲ. ಕೂದಲೆಳೆಯಷ್ಟು ಸಂದಿ ಬಿದ್ದರೂ ಡೀಸೆಲ್ ಜಿನುಗುತ್ತದೆ. ಮಾಲೀಕ ಬಂದು, 'ಮೊನ್ನೆವರೆಗೂ ಸರಿ ಇತ್ತು, ಯಾರೂ ಮುಟ್ಟಿಲ್ಲ' ಎನ್ನುತ್ತಾನೆ. ಅವನು ಹೇಳುವುದು ನಿಜ, ಯಾರೂ ಮುಟ್ಟಿಲ್ಲ.

ಇದು ನಮ್ಮ ಊರಿನ ಶೋಧವಲ್ಲ. 1993ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ರಸ್ತೆ ವಾಹನಗಳ ಡೀಸೆಲಿನ ಗಂಧಕವನ್ನು 500 ಪಿಪಿಎಂಗೆ ಇಳಿಸಿದರು. ಕ್ಯಾಲಿಫೋರ್ನಿಯ ಅರೋಮ್ಯಾಟಿಕ್‌ಗೂ ಶೇಕಡಾ 10ರ ಮಿತಿ ಹಾಕಿತು. ಬೆನ್ನಲ್ಲೇ ಹಳೆಯ ಲಾರಿಗಳ, ಟ್ರ್ಯಾಕ್ಟರುಗಳ ಪಂಪು ಸೋರುವ ದೂರುಗಳು ಬಂದವು. ಹೆಚ್ಚು ತೊಂದರೆ ಕೊಟ್ಟದ್ದು ವಯಸ್ಸಾದ ನೈಟ್ರೈಲ್ ಸೀಲುಗಳು. ಇಂಧನಕ್ಕೆ ಅಷ್ಟಾಗಿ ಉಬ್ಬದ, ಕುಗ್ಗದ ಫ್ಲೋರೋ ರಬ್ಬರು, ಅಂದರೆ ಅಂಗಡಿಯಲ್ಲಿ ನಾವು ವೈಟಾನ್ ಎಂದು ಕೇಳಿ ಪಡೆಯುವುದು, ಹೊಸ ಪಂಪುಗಳಲ್ಲಿ ಹೆಚ್ಚು ಹೆಚ್ಚಾಗಿ ಬಂದದ್ದು ಆಮೇಲೆ. ಅಲ್ಲಿ ಒಂದೇ ಸಲ ಬಿದ್ದ ಪೆಟ್ಟು ನಮ್ಮಲ್ಲಿ ಇಪ್ಪತ್ತು ವರ್ಷದಲ್ಲಿ ಕಂತು ಕಂತಾಗಿ ಬಿತ್ತು. ಅದಕ್ಕೇ ಅದು ಸುದ್ದಿಯಾಗಲಿಲ್ಲ. ಪ್ರತಿ ಶೆಡ್ಡಿನವನೂ ಅದನ್ನು ತನ್ನ ಗಿರಾಕಿಯ ಹಣೆಬರಹ ಎಂದುಕೊಂಡು ಸುಮ್ಮನಾದ.

ಬೆಂಗಳೂರು ಡೀಸೆಲ್ ಪಂಪಿನ ಊರು. ಪಂಪು ಮಾಡುವ ಮೈಕೋ ಕಂಪನಿ ಶುರುವಾದದ್ದು 1951ರಲ್ಲಿ. 2008ರಲ್ಲಿ ಅದರ ಹೆಸರು ಬಾಷ್ ಎಂದಾದರೂ ನಮ್ಮ ಬಾಯಲ್ಲಿ ಇವತ್ತಿಗೂ 'ಮೈಕೋ ಪಂಪು'. ದೇಶದ ಎಷ್ಟೋ ಊರುಗಳ ಪಂಪ್ ಮೆಕ್ಯಾನಿಕರಿಗಿಂತ ನಾವು ಒಂದು ಹೆಜ್ಜೆ ಮುಂದಿರಬೇಕಾದವರು. ಹಾಗಿದ್ದೂ ರಬ್ಬರಿನ ವಿಷಯದಲ್ಲಿ ನಮ್ಮ ಲೆಕ್ಕ ಇನ್ನೂ ಬಿಎಸ್-2ರ ಕಾಲದ್ದು.

ಮುಂದೆ ಬರುವುದನ್ನೂ ನೋಡಿ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ 2030ರೊಳಗೆ ಡೀಸೆಲಿಗೆ ಶೇಕಡಾ 5ರಷ್ಟು ಜೈವಿಕ ಡೀಸೆಲ್ ಬೆರೆಸುವ ಗುರಿ ಇಟ್ಟಿದೆ. ಡೀಸೆಲಿನ ಐಎಸ್ 1460 ಮಾನದಂಡ ಶೇಕಡಾ 7ರವರೆಗೆ ಬೆರೆಸಲು ಬಿಡುತ್ತದೆ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು, ಡೀಸೆಲಿಗೆ ಎಥೆನಾಲ್ ಬೆರೆಸುವ ಪ್ರಯೋಗ ಫಲಿಸಲಿಲ್ಲ, ಈಗ ಐಸೊಬ್ಯುಟನಾಲ್ ಬೆರೆಸಿ ನೋಡುತ್ತಿದ್ದೇವೆ ಎಂದಿದ್ದಾರೆ. ಪೆಟ್ರೋಲಿನ ಕಥೆಯಂತೂ ನಮ್ಮ ಮನೆಬಾಗಿಲಲ್ಲೇ ನಡೆಯಿತು. ಶೇಕಡಾ 20 ಎಥೆನಾಲ್ ಇರುವ ಇ20 ಪೆಟ್ರೋಲನ್ನು ಪ್ರಧಾನಿಯವರು 2023ರ ಫೆಬ್ರವರಿ 6ರಂದು ಬಿಡುಗಡೆ ಮಾಡಿದ್ದು ಇದೇ ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ. ನಮಗೆ ಡೀಸೆಲ್ ಸಾಕು, ಪೆಟ್ರೋಲಿನ ಗೊಡವೆ ಯಾಕೆ ಎನ್ನಬೇಡಿ. ಕ್ಯಾರವಾನಿನ ಹಿಂದೆ ಕಟ್ಟಿಕೊಂಡು ಬರುವ ಪುಟ್ಟ ಜನರೇಟರು ಕುಡಿಯುವುದು ಅದನ್ನೇ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಜನರೇಟರಿನ ಕಾರ್ಬುರೇಟರ್ ಬೌಲಿನಲ್ಲಿ ಅದು ಏನು ಮಾಡುತ್ತದೆಂದು ನೀವೇ ಬಿಚ್ಚಿ ನೋಡಿರುತ್ತೀರಿ.

ಜೈವಿಕ ಡೀಸೆಲಿಗೆ ನಾನು ವಿರೋಧಿಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಡೀಸೆಲ್ ಎಂಜಿನ್ ಓಡಿಸಿ ತೋರಿಸಿದ ರಾಜ್ಯ ನಮ್ಮದು. ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಇದೆ. ಬೆರಕೆ ಸ್ವಲ್ಪವೇ ಇದ್ದರೂ ಪ್ಲಂಜರಿಗೆ ಒಳ್ಳೆಯ ಜಾರು ಗುಣ ಕೊಡುತ್ತದೆ. ಆದರೆ ಅದರ ಗುಣ ಗೊತ್ತಿಟ್ಟುಕೊಂಡು ಕೆಲಸ ಮಾಡಬೇಕು. ಅದು ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಕೂತ ಜಿಡ್ಡನ್ನು ಕರಗಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಕೆಲವು ರಬ್ಬರುಗಳನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. ತಾಮ್ರ, ಹಿತ್ತಾಳೆ, ಸತುವಿನ ಜೊತೆ ಬಹಳ ದಿನ ಸೇರಿದರೆ ತಾನೂ ಕೆಡುತ್ತದೆ, ಲೋಹವನ್ನೂ ಕೆಡಿಸುತ್ತದೆ. ನೀರನ್ನು ಹಿಡಿದುಕೊಳ್ಳುವುದರಿಂದ, ನಿಂತ ಟ್ಯಾಂಕಿನಲ್ಲಿ ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳ ಕಪ್ಪು ಲೋಳೆ ಬೆಳೆಯುತ್ತದೆ. ಹೆದ್ದಾರಿಯ ಬದಿಯಲ್ಲಿ 'ಬಯೋಡೀಸೆಲ್' ಎಂದು ಬೋರ್ಡು ಹಾಕಿ ಕಡಿಮೆ ಬೆಲೆಗೆ ಮಾರುವ ಯಾವುದೋ ಎಣ್ಣೆಯನ್ನು ತುಂಬಿಸಿಕೊಂಡು ಬಂದ ಗಾಡಿಯಾದರೆ ಮಾತೇ ಬೇಡ. ಪಂಪು ಬಿಚ್ಚುವ ಮೊದಲು ಟ್ಯಾಂಕಿನಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು, ಒಂದು ಗಂಟೆ ಇಟ್ಟು ನೋಡಿ. ಅರ್ಧ ರೋಗ ಅಲ್ಲೇ ಕಾಣುತ್ತದೆ.

'ಹಾಳಾದ್ದು ಈ ಹೊಸ ಡೀಸೆಲ್' ಎಂದು ಶಪಿಸುವುದರಿಂದ ಪ್ರಯೋಜನವಿಲ್ಲ. ಗಂಧಕ ಇಳಿಸದಿದ್ದರೆ ಬಿಎಸ್-6 ಗಾಡಿಯ ಸೈಲೆನ್ಸರಿನಲ್ಲಿ ಹೊಗೆಮಸಿ ಹಿಡಿಯುವ ಡಿಪಿಎಫ್ ಬಾಳುವುದಿಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವರು ಪೀಣ್ಯದ ರಸ್ತೆಬದಿಯಲ್ಲಿ ದಿನವಿಡೀ ನಿಲ್ಲುವ ನಾವೇ. ಇಂಧನ ಬದಲಾಗಿದ್ದು ಸರಿ. ಅದರ ಜೊತೆ ಹಳೆಯ ಗಾಡಿಯ ರಬ್ಬರೂ ಬದಲಾಗಬೇಕೆಂದು ಮಾಲೀಕನಿಗೆ ಯಾರೂ ಹೇಳಲಿಲ್ಲ, ತಪ್ಪಿದ್ದು ಅಲ್ಲಿ. ಹೇಳಬಲ್ಲವರು ನೀವೇ.

ಸೋರಿಕೆ ಹುಡುಕುವುದನ್ನು ನಿಮಗೆ ಕಲಿಸುವ ಅಗತ್ಯವಿಲ್ಲ. ಹೊಸ ಹುಡುಗರಿಗಾಗಿ ಎರಡು ಮಾತು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಲೈನು ಎಳೆಯುವ ಲೈನು. ಅಲ್ಲಿ ರಬ್ಬರು ಸೊರಗಿದರೆ ನೆಲಕ್ಕೆ ಒಂದು ಹನಿಯೂ ಬೀಳದೆ ಇರಬಹುದು, ಬದಲಿಗೆ ಗಾಳಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸ್ಟಾರ್ಟ್ ತಗೊಳ್ಳದ ಗಾಡಿ, ಪ್ರೈಮರ್ ಒತ್ತಿದರೆ ಕೂಡಲೇ ಹೊತ್ತಿಕೊಂಡರೆ, ಬ್ಯಾಟರಿ ಬದಲಿಸುವ ಮೊದಲು ಆ ಲೈನು ನೋಡಿ. ಒಂದು ಗೇಣು ಪಾರದರ್ಶಕ ಪೈಪು ಮಧ್ಯೆ ಹಾಕಿದರೆ ಗುಳ್ಳೆ ಸಾಕ್ಷಿ ಹೇಳುತ್ತದೆ. ರಿಟರ್ನ್ ಲೈನಿನ ಸೋರಿಕೆ ಎಂಜಿನ್ ಓಡುವಾಗ ತೊಟ್ಟಿಕ್ಕಿ, ನಿಲ್ಲಿಸಿದಾಗ ಒಣಗುತ್ತದೆ. ಅದಕ್ಕೇ ಗ್ಯಾರೇಜಿಗೆ ಬಂದಾಗ ಸಿಗುವುದಿಲ್ಲ. ರೋಟರಿ ಪಂಪಿನಲ್ಲಿ ಮೊದಲು ಸೋಲುವುದು ಆಕ್ಸಲರೇಟರ್ ಶಾಫ್ಟಿನ ಓ-ರಿಂಗು ಮತ್ತು ಮೇಲಿನ ಮುಚ್ಚಳದ ಗ್ಯಾಸ್ಕೆಟ್ಟು. ಎಂಜಿನ್ ಆಯಿಲ್ ಖರ್ಚಾಗುವ ಬದಲು ಏರುತ್ತಿದ್ದರೆ ಖುಷಿಪಡಬೇಡಿ, ಡೀಸೆಲ್ ಒಳಗಿಂದೊಳಗೇ ಚೇಂಬರಿಗೆ ಇಳಿಯುತ್ತಿದೆ ಎಂದರ್ಥ.

ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ 1,600 ಬಾರ್ ದಾಟಬಹುದು. ಎಂಜಿನ್ ಓಡುವಾಗ ಆ ಪೈಪಿನ ಮೇಲೆ ಕೈ ಸವರಿ ಸೋರಿಕೆ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಹೊಮ್ಮುವ ಡೀಸೆಲ್ ಚರ್ಮ ಸೀಳಿ ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಚುಕ್ಕೆಯಷ್ಟೇ ಗಾಯ, ಒಳಗೆ ಬೆರಳೇ ಕೊಳೆಯುವಷ್ಟು ವಿಷ. ರಟ್ಟಿನ ತುಂಡು ಹಿಡಿಯಿರಿ. ಅಂಥ ಗಾಯವಾದರೆ ನೋವಿಲ್ಲವೆಂದು ಕೂರದೆ ಆಸ್ಪತ್ರೆಗೆ ಓಡಿ.

'ಡೀಸೆಲ್ ತಾನೇ, ಪೆಟ್ರೋಲಿನ ಹಾಗೆ ಹೊತ್ತಲ್ಲ ಬಿಡಿ' ಎಂಬ ಮಾತನ್ನು ದಯವಿಟ್ಟು ಮಾಲೀಕರೆದುರು ಆಡಬೇಡಿ. ನಮ್ಮ ಮಾನದಂಡದಲ್ಲಿ ಡೀಸೆಲಿನ ಜ್ವಲನ ಬಿಂದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಓಡುವ ಎಂಜಿನ್ನಿನ ಬಾನೆಟ್ಟಿನಡಿ ಅದಕ್ಕಿಂತ ಹೆಚ್ಚು ಬಿಸಿ ಯಾವಾಗಲೂ ಇರುತ್ತದೆ. ಡಿಪಿಎಫ್ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳುವಾಗ 600 ಡಿಗ್ರಿಯ ಹತ್ತಿರ ಹೋಗುತ್ತದೆ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು, ಟ್ಯಾಂಕ್ ಒಡೆದು, 45 ಜನ ಸುಟ್ಟುಹೋದರು. ಅದು ಅಪಘಾತ, ರಬ್ಬರಿನ ಸೋರಿಕೆಯಲ್ಲ. ಆದರೆ ಹೊತ್ತಿದ್ದು ಡೀಸೆಲೇ, ಒಳಗಿದ್ದವರು ನಿದ್ದೆಯಲ್ಲಿದ್ದವರೇ.

ಕ್ಯಾರವಾನಿನಲ್ಲಿ ಇದಕ್ಕೆ ಇನ್ನಷ್ಟು ಸೇರುತ್ತದೆ. ಗ್ಯಾಸ್ ಸಿಲಿಂಡರ್ ಇದೆ, ಇನ್ವರ್ಟರ್ ಬ್ಯಾಟರಿ ಇದೆ, ನೆಲದಡಿ ಫೋಮು, ಪ್ಲೈವುಡ್ಡು ಇದೆ. ಲಾರಿಯಲ್ಲಾದರೆ ಸೋರಿದ ಡೀಸೆಲ್ ನೆಲಕ್ಕೆ ಬಿದ್ದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಫೋಮು ಅದನ್ನು ಹೀರಿಕೊಂಡು ಸುಮ್ಮನಿರುತ್ತದೆ. ವಾಸನೆ ಬಂದರೆ ಒಲೆಯದ್ದೋ ಶೌಚಾಲಯದ್ದೋ ಎಂದುಕೊಳ್ಳುತ್ತಾರೆ. ಹೆಚ್ಚಿನ ಅನಾಹುತದ ಬೀಜ ಬೀಳುವುದು ಮಾರ್ಪಾಡು ಮಾಡುವ ದಿನವೇ. ಡೀಸೆಲ್ ಜನರೇಟರಿಗೆಂದು ರಿಟರ್ನ್ ಲೈನು ಕತ್ತರಿಸಿ ಟೀ ಜಾಯಿಂಟ್ ಹಾಕುವುದು, ನೀರಿನ ಪೈಪಿನ ಕ್ಲಿಪ್ಪನ್ನೇ ಅದಕ್ಕೂ ಬಿಗಿಯುವುದು, ಹೋಸನ್ನು ಸೈಲೆನ್ಸರಿನ ಪಕ್ಕದಲ್ಲಿ ಎಳೆಯುವುದು, ಆಮೇಲೆ ಅದರ ಮೇಲೆ ಹಾಸಿಗೆಯ ಪೆಟ್ಟಿಗೆ ಕೂರಿಸಿ ಸ್ಕ್ರೂ ಹೊಡೆಯುವುದು. ಮುಂದೆ ಯಾರೂ ಅದನ್ನು ನೋಡಲಾರರು. ಮೋಟಾರು ಕ್ಯಾರವಾನುಗಳಿಗೆ ಎಐಎಸ್-124 ಎಂಬ ಮಾನದಂಡವೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮನಸ್ಸಿಗೆ ಬಂದಂತೆ ಗಾಡಿ ಮಾರ್ಪಡಿಸುವುದನ್ನು ತಡೆಯುತ್ತದೆ. ಕಾಯ್ದೆಗೆ ಹೆದರಿ ಅಲ್ಲದಿದ್ದರೂ ಮಲಗುವವರ ಮುಖ ನೆನೆದು, ಇಂಧನದ ಜಾಯಿಂಟು ಕೂರುವ ಜಾಗದಲ್ಲಿ ಕೈ ಹಾಕಲು ಒಂದು ಬಾಗಿಲು ಬಿಡಿ.

ದಾರಿಯಲ್ಲಿ ಟ್ಯಾಂಕು ತೂತಾದಾಗ ಬಟ್ಟೆ ಸೋಪು ಉಜ್ಜಿ ಮುಚ್ಚುವುದು, ಹೋಸಿಗೆ ಸೈಕಲ್ ಟ್ಯೂಬು ಸುತ್ತುವುದು ನಮ್ಮ ಡ್ರೈವರುಗಳ ಜಾಣತನ. ನಡುರಾತ್ರಿ ಶಿರಾಡಿ ಘಾಟಿಯಲ್ಲಿ ಸಿಕ್ಕಿಕೊಂಡವನಿಗೆ ಅದೇ ದೇವರು. ಆದರೆ ಅದು ಮುಂದಿನ ಊರು ಮುಟ್ಟುವವರೆಗಿನ ಉಪಾಯ. ಶೆಡ್ಡಿನಲ್ಲಿ ಕೂತು ನಾವೂ ಅದನ್ನೇ ಮಾಡಿ ದುಡ್ಡು ತೆಗೆದುಕೊಂಡರೆ ಅದು ಕಸುಬಲ್ಲ. ಹಾಗೆಯೇ ಪಂಪಿಗೆ ಒಳ್ಳೆಯದೆಂದು ಡೀಸೆಲಿಗೆ 2ಟಿ ಆಯಿಲ್ ಸುರಿಯಲು ಹೇಳುವುದನ್ನೂ ಬಿಡಿ. ಬಿಎಸ್-6 ಗಾಡಿಯಲ್ಲಿ ಅದರ ಬೂದಿ ಡಿಪಿಎಫ್ ಕಟ್ಟಿಸುತ್ತದೆ, ಹಳೆಯ ಗಾಡಿಯಲ್ಲಿ ಸೊರಗಿದ ರಿಂಗಿಗೆ ಜೀವ ತುಂಬುವುದಿಲ್ಲ.

ನಾನು ಕೇಳುವುದು ಇಷ್ಟು. 2010ಕ್ಕಿಂತ ಹಿಂದಿನ ಡೀಸೆಲ್ ಗಾಡಿಯನ್ನು ಕ್ಯಾರವಾನ್ ಮಾಡಲು ತಂದರೆ, ಒಳಗಿನ ಮರಗೆಲಸಕ್ಕೆ ಕೈ ಹಾಕುವ ಮೊದಲು ಟ್ಯಾಂಕ್ ಇಳಿಸಿ ತೊಳೆಯಿರಿ. ಹೋಸು, ಓ-ರಿಂಗು, ಫೀಡ್ ಪಂಪಿನ ಡಯಾಫ್ರಾಮು, ನಾಜಲ್ ರಿಟರ್ನಿನ ಸಣ್ಣ ಪೈಪು, ಕಾಪರ್ ವಾಷರು ಎಲ್ಲ ಹೊಸದು ಹಾಕಿ. ಬಿಚ್ಚಿದ ಕಾಪರ್ ವಾಷರನ್ನು ಮತ್ತೆ ಹಾಕಿ ಸ್ಪ್ಯಾನರಿನ ಬಲದಿಂದ ಸೋರಿಕೆ ನಿಲ್ಲಿಸಬೇಡಿ. ಹೋಸಿನ ಮೇಲೆ ಬರೆದದ್ದನ್ನು ಓದಿ. 30ಆರ್7, 30ಆರ್9 ಎಂಬಂಥ ಗುರುತು ಇದ್ದರೆ ಅದು ಇಂಧನಕ್ಕೆಂದೇ ಮಾಡಿದ್ದು, ಗುರುತೇ ಇಲ್ಲದ್ದು ಎಷ್ಟು ದಪ್ಪವಿದ್ದರೂ ಬೇಡ. ರೇಡಿಯೇಟರಿಗೆ ಚೆನ್ನಾಗಿರುವ ಸಿಲಿಕಾನ್ ಹೋಸು ಡೀಸೆಲಿಗೆ ಆಗುವುದಿಲ್ಲ. ಬಣ್ಣ ನೋಡಿ ವೈಟಾನ್ ಎಂದು ನಂಬಬೇಡಿ, ಕಂದು ಬಣ್ಣದ ನೈಟ್ರೈಲೂ ಇದೆ, ಕಪ್ಪು ಬಣ್ಣದ ವೈಟಾನೂ ಇದೆ. ಗಾಡಿ ಕೊಡುವಾಗ ಮಾಲೀಕರಿಗೆ ಹೇಳಿ: ತಿಂಗಳಿಗೊಮ್ಮೆಯಾದರೂ ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಬಹಳ ದಿನ ನಿಲ್ಲಿಸುವುದಿದ್ದರೆ ಟ್ಯಾಂಕು ತುಂಬಿಸಿಯೇ ನಿಲ್ಲಿಸಿ, ಫಿಲ್ಟರಿನ ನೀರು ಬಿಡುವುದನ್ನು ಕಲಿಯಿರಿ.

ಖರ್ಚಿನ ಮಾತು ಬರುತ್ತದೆ. ವೈಟಾನ್ ರಿಂಗು ನೈಟ್ರೈಲಿಗಿಂತ ಹಲವು ಪಟ್ಟು ದುಬಾರಿ, ನಿಜ. ಆದರೆ ಹಳೆಯ ಪಂಪಿನ ಸೀಲ್ ಕೆಲಸದಲ್ಲಿ ಹೆಚ್ಚಿನ ದುಡ್ಡು ಹೋಗುವುದು ಬಿಚ್ಚಿ, ಕಟ್ಟಿ, ಟೆಸ್ಟ್ ಬೆಂಚಿನಲ್ಲಿ ಕೂರಿಸುವ ಕೂಲಿಗೆ. ಅಷ್ಟೆಲ್ಲ ಮಾಡಿ ರಿಂಗಿನಲ್ಲಿ ಉಳಿತಾಯ ನೋಡಿದರೆ ಅದೇ ಕೂಲಿ ಎರಡನೇ ಸಲ ಕೊಡಬೇಕಾಗುತ್ತದೆ. ಲಕ್ಷಗಟ್ಟಲೆ ಕೊಟ್ಟು ಮರದ ಕೆತ್ತನೆ ಮಾಡಿಸುವ ಮಾಲೀಕ ಇದಕ್ಕೆ ಇಲ್ಲ ಎನ್ನುವುದಿಲ್ಲ. ಅವನಿಗೆ ಯಾರೂ ವಿವರಿಸಿ ಹೇಳಿಲ್ಲ, ಅಷ್ಟೆ.

ಇನ್ನು ನಾವು ಒಟ್ಟಾಗಿ ಕೇಳಬೇಕಾದದ್ದೂ ಇದೆ. ಓ-ರಿಂಗು, ಸೀಲು ಅಚ್ಚು ಹಾಕುವ ರಬ್ಬರು ಘಟಕಗಳು ನಮ್ಮ ಪೀಣ್ಯದಲ್ಲೇ ಇವೆ. ಪ್ಯಾಕೆಟ್ಟಿನ ಮೇಲೆ ರಬ್ಬರಿನ ಜಾತಿ ಮತ್ತು ತಯಾರಾದ ತಿಂಗಳು ಅಚ್ಚಾಗದ ಕಿಟ್ಟನ್ನು ನಾವು ಕೊಳ್ಳುವುದಿಲ್ಲ ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯವರಿಗೆ ಎಲ್ಲರೂ ಒಂದೇ ಬಾಯಲ್ಲಿ ಹೇಳಿದರೆ, ಆರು ತಿಂಗಳಲ್ಲಿ ಅಚ್ಚಾಗಿ ಬರುತ್ತದೆ. ಡೀಸೆಲಿಗೆ ಜೈವಿಕ ಬೆರಕೆ ಹೆಚ್ಚುತ್ತಾ ಹೋದಂತೆ ಅದರ ಪ್ರಮಾಣವನ್ನು ಬಂಕಿನ ಗನ್ನಿನ ಹತ್ತಿರವೇ ಬರೆಯಬೇಕೆಂದು ತೈಲ ಕಂಪನಿಗಳನ್ನು ಕೇಳುವ ಹಕ್ಕೂ ನಮಗಿದೆ. ಇ20 ಬಂದಾಗ ಹಳೆಯ ಗಾಡಿಯ ಮಾಲೀಕರು ಆದ ಮೇಲೆ ಗಲಾಟೆ ಮಾಡಿದರು. ಡೀಸೆಲಿನ ವಿಷಯದಲ್ಲಿ ನಾವು ಮೊದಲೇ ಕೇಳೋಣ.

ಬಿಲ್ ಪುಸ್ತಕ ಹೊಸದು ಅಚ್ಚು ಹಾಕಿಸುವಾಗ ಒಂದು ಗೆರೆ ಹೆಚ್ಚು ಸೇರಿಸಿ: 'ಇಂಧನ ಲೈನಿನ ರಬ್ಬರು: ಜಾತಿ, ಹಾಕಿದ ತಿಂಗಳು, ಮತ್ತೆ ನೋಡಬೇಕಾದ ತಿಂಗಳು.' ಅಲ್ಲಿಯವರೆಗೆ ಪೆನ್ನಿನಲ್ಲಿ ಬರೆದರೂ ಸರಿ. ಆ ಗಾಡಿ ನಾಳೆ ನಿಮ್ಮ ಶೆಡ್ಡಿನ ಬದಲು ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಬಾನೆಟ್ ಎತ್ತಿ ನಿಂತಾಗ, ಅಲ್ಲಿನ ಮೆಕ್ಯಾನಿಕ್ ಎಲ್ಲಿಂದ ಶುರು ಮಾಡಬೇಕೆಂದು ಆ ಗೆರೆ ನೋಡಿ ತಿಳಿದುಕೊಳ್ಳುತ್ತಾನೆ. ಇದಕ್ಕೆ ಒಪ್ಪದವರು, ನನ್ನ ಲೆಕ್ಕ ತಪ್ಪೆನ್ನುವವರು ಇದ್ದರೆ ವಾದಕ್ಕೆ ಬನ್ನಿ. ಸೋರುವ ಪಂಪೊಂದನ್ನು ತನ್ನಿ, ಬೆಂಚಿನ ಮೇಲಿಟ್ಟು ಬಿಚ್ಚೋಣ.

ಇತಿ ನಿಮ್ಮವ,
ಒಬ್ಬ ಹಳೆಯ ಪಂಪ್ ಮೆಕ್ಯಾನಿಕ್
ಬಾಗಲಗುಂಟೆ